ಬಿಸಿನೀರಿನ ಪಾಳಿ

ಬೆನ್ನು ನನ್ನದು. ಬಿಸಿನೀರಿನಲ್ಲಿ ಕೂರಬೇಕು ಎಂದು ಡಾಕ್ಟರು ಹೇಳಿದ್ದೂ ನನಗೇ. ಆದರೆ ಮನೆಗೆ ಹಾಟ್ ಟಬ್ ತರಬೇಕೋ ಬೇಡವೋ ಎಂಬ ಮಾತು ಶುರುವಾದ ಮೇಲೆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಆ ಬೆನ್ನಿನ ಬಗ್ಗೆ ಯಾರೂ ಮಾತಾಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ.

ಬೇಗಂಪೇಟೆಯ ಒಂದು ಕಚೇರಿಯಲ್ಲಿ ನಾನು ಮೂವತ್ತೊಂದು ವರ್ಷ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವಳು. ತಾರ್ನಾಕದ ಮನೆಯಿಂದ ಬಸ್ಸಿನಲ್ಲಿ ನಿಂತು ಹೋಗುವುದು, ಅಲ್ಲಿ ಕೂರುವುದು, ಸಂಜೆ ಮತ್ತೆ ನಿಂತು ಬರುವುದು, ಬಂದು ಅಡುಗೆಮನೆಯಲ್ಲಿ ಇನ್ನೊಂದು ಪಾಳಿ ನಿಲ್ಲುವುದು. ನಾನು ನಿವೃತ್ತಳಾದ ವರ್ಷವೇ ಸೊಂಟವೂ ನಿವೃತ್ತಿ ಕೇಳಿತು. ಗುಳಿಗೆ, ಬೆಲ್ಟು, ಮುಲಾಮು ಎಲ್ಲ ಆದ ಮೇಲೆ ಡಾಕ್ಟರು ಒಂದು ವ್ಯಾಯಾಮ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕುತ್ತಿಗೆಯವರೆಗೆ ಬಿಸಿನೀರು ತುಂಬಿದ ಸಣ್ಣ ಕೊಳವಿತ್ತು. ಮೊದಲ ದಿನ ಇಳಿದು ಕೂತಾಗ ನಾನು ಅತ್ತುಬಿಟ್ಟೆ. ಅಲ್ಲಿದ್ದ ಹುಡುಗಿ ಗಾಬರಿಯಾಗಿ, ನೀರು ಸುಡುತ್ತಿದೆಯೇ ಎಂದು ಕೇಳಿದಳು. ಸುಡುತ್ತಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ ಏನೂ ನೋಯುತ್ತಿರಲಿಲ್ಲ, ಅದಕ್ಕೇ ಅಳು ಬಂದಿತ್ತು.

ಆರು ಸಲ ಹೋದೆ. ಆದರೆ ಆ ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿತ್ತು. ನೀರಿನಲ್ಲಿ ಸಡಿಲವಾದ ಬೆನ್ನು ಆಟೋದಲ್ಲಿ ಮನೆ ಮುಟ್ಟುವುದರೊಳಗೆ ಮತ್ತೆ ಮೊದಲಿನ ಹಾಗೇ ಆಗುತ್ತಿತ್ತು. "ಮನೆಯಲ್ಲೇ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು" ಎಂದರು ಡಾಕ್ಟರು. ಆ ಮಾತನ್ನು ನಾನು ಮನೆಗೆ ತಂದು ಎಲ್ಲರ ಎದುರು ಇಟ್ಟೆ. ನನ್ನ ಮೊದಲ ತಪ್ಪು ಅದು. ಎಲ್ಲರ ಎದುರು ಇಡಬಾರದಿತ್ತು.

ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾಲ್ಕು ಜನ. ನಾನು, ಸರ್ಕಾರಿ ಕೆಲಸದಿಂದ ನಿವೃತ್ತರಾದ ನನ್ನ ಗಂಡ, ಎಂಬತ್ತನಾಲ್ಕು ವರ್ಷದ ನನ್ನ ಅತ್ತೆ, ಮೇಲಿನ ಮಹಡಿಯಲ್ಲಿ ಮದುವೆಯಾಗದ ನನ್ನ ಮೈದುನ. ನಮ್ಮವರು ರಾಯಚೂರು ಕಡೆಯಿಂದ ನಿಜಾಮರ ನೌಕರಿಗೆ ಬಂದು ಇಲ್ಲೇ ಉಳಿದವರು. ಬಾಗಿಲ ಹೊರಗೆ ತೆಲುಗು, ಉರ್ದು ಎಲ್ಲ ಆಡುತ್ತೇವೆ. ಬಾಗಿಲ ಒಳಗೆ ಮಾತ್ರ ಮಾತೂ ರಾಯಚೂರಿನದೇ, ಕಾನೂನೂ ರಾಯಚೂರಿನದೇ.

ಮೈದುನನಿಗೆ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫೋನಿನಲ್ಲಿ ಹತ್ತು ವಿಡಿಯೊ ನೋಡಿ ಪಂಡಿತನಾಗಿ ಇಳಿದು ಬಂದ.

"ವೈನಿ, ತರೂದಾದ್ರ ಛಲೋದ ತರೂಣು. ಆರು ಮಂದಿ ಕುಂದ್ರೂದು ತರೂಣು. ಮಾಳಗಿ ಮ್ಯಾಲೆ ಇಟ್ರ ಯುನಿವರ್ಸಿಟಿ ಗಿಡ ಎಲ್ಲಾ ಕಾಣ್ತಾವ" ಎಂದ.

"ಆರು ಮಂದಿ ಯಾರಪಾ?" ಎಂದು ಕೇಳಿದೆ.

"ಯಾರರೆ ಬರ್ತಾರಲ್ಲ" ಎಂದ.

ನನ್ನ ಬೆನ್ನಿಗೆ ಆರು ಜನ ಯಾಕೆ ಬೇಕು ಎಂದು ನಾನು ಕೇಳುವ ಮೊದಲೇ ಅಣ್ಣತಮ್ಮಂದಿರು ಬೇಗಂಪೇಟೆಯ ಶೋರೂಮಿಗೆ ಹೋಗುವ ದಿನ ಗೊತ್ತು ಮಾಡಿಬಿಟ್ಟಿದ್ದರು. ನಾನೂ ಹೋದೆ. ಬೆನ್ನು ಇಲ್ಲದೆ ಟಬ್ ನೋಡುವುದು ಹೇಗೆ?

ಅಂಗಡಿಯಲ್ಲಿ ಎಸಿಯ ತಣ್ಣನೆ ಗಾಳಿ, ನೀಲಿ ದೀಪ ಹೊತ್ತಿಸಿದ ಟಬ್ಬುಗಳು. ಒಂದರಲ್ಲಿ ಸಂಗೀತ ಬರುತ್ತಿತ್ತು, ಇನ್ನೊಂದರಲ್ಲಿ ಲೋಟ ಇಡಲು ತಗ್ಗು ಇತ್ತು. ಮಾರುವವನು ಟೈ ಕಟ್ಟಿದ್ದ, ನಯವಾಗಿ ಮಾತಾಡುತ್ತಿದ್ದ. "ಸೊಂಟಕ್ಕೆ ಆನಿಸಿಕೊಳ್ಳಲು ಆಧಾರ ಎಲ್ಲಿದೆ?" ಎಂದು ನಾನು ಅವನನ್ನು ತೆಲುಗಿನಲ್ಲಿ ಕೇಳಿದೆ. ಅವನು ಉತ್ತರ ಕೊಟ್ಟದ್ದು ನನ್ನ ಗಂಡನಿಗೆ. "ಒಳಗೆ ಇಳಿಯಲು ಮೆಟ್ಟಿಲು ಇದೆಯೇ?" ಎಂದು ಕೇಳಿದೆ. ಅದರ ಉತ್ತರ ಮೈದುನನಿಗೆ ಹೋಯಿತು. ಮೂರನೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಗಂಡಸಿಗೆ ಉತ್ತರ ಸಿಗುತ್ತಿತ್ತು.

ಕಡೆಗೆ ಅವನು ತನ್ನ ಸರಕಿನ ದೊಡ್ಡ ಗುಣ ಹೇಳಿದ. "ಮೂಡು ನೆಲಲ ದಾಕಾ ನೀಳ್ಳು ಮಾರ್ಚಕ್ಕರ್ಲೇದು ಸಾರ್." ಒಮ್ಮೆ ತುಂಬಿದರೆ ಮೂರು ತಿಂಗಳು ನೀರು ಬದಲಿಸುವುದೇ ಬೇಡ. ಔಷಧಿ ಹಾಕುವುದು, ಯಂತ್ರ ಸೋಸುವುದು, ಕರೆಂಟು ಬಿಸಿ ಇಡುವುದು. ನನ್ನ ಗಂಡ, ಮೈದುನ ಇಬ್ಬರೂ ಭಾರಿ ಮೆಚ್ಚಿ ತಲೆ ಆಡಿಸಿದರು. ದಿನ ಬಿಟ್ಟು ದಿನ ನಳ ಬರುವ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಮನೆಗೆ ಬಂದು ಮೈದುನ ಅದನ್ನೇ ಅತ್ತೆಗೆ ಉತ್ಸಾಹದಿಂದ ಹೇಳಿದ. ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಮೂರ ತಿಂಗಳಾ? ಅದ ನೀರಾಗ? ದಿನಾ?"

"ಔಷಧ ಹಾಕ್ತಾರಬೇ."

"ಎಮ್ಮಿ ಹೊಂಡಾ ಅಂತಾರ ಅದಕ್ಕ. ಜಳಕ ಅಂದ್ರ ತಲಿ ಮ್ಯಾಲಿಂದ ಸುರಕೊಂಡ ನೀರು ಕಾಲ ಕೆಳಗಿಂದ ಹರದು ಹೋಗಬೇಕು. ನಿಂತ ನೀರಾಗ ಕುಂತು ಎದ್ರ ಮತ್ತ ಜಳಕಾ ಮಾಡಬೇಕಾಗ್ತೈತಿ."

ಇದರಲ್ಲಿ ನಾನು ಅತ್ತೆಯ ಕಡೆ. ಮೂರು ತಿಂಗಳ ನೀರು ನನಗೂ ಹೇಸಿಗೆ. ಅದರ ಮೇಲೆ ಮನೆ ನೋಡಲು ಬಂದ ಇಂಜಿನಿಯರು, ಈ ಹಳೆಯ ಮಾಳಿಗೆಯ ಮೇಲೆ ನೀರು ತುಂಬಿದ ಆರು ಜನರ ಟಬ್ ಇಟ್ಟರೆ ಟಬ್ ಸಮೇತ ಎಲ್ಲರೂ ಕೆಳಗಿನ ಪಡಸಾಲೆಯಲ್ಲಿ ಸ್ನಾನ ಮಾಡಬೇಕಾಗುತ್ತದೆ ಎಂದ. ಮೈದುನ ಆಗ ಅಂಗಳದಲ್ಲಿ ಕಂಬ ಎಬ್ಬಿಸೋಣ, ಕರಿಬೇವಿನ ಗಿಡ ಕಡಿಯೋಣ ಎಂದು ಶುರು ಮಾಡಿದ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಅಂತೂ ಆ ಟಬ್ ನಮ್ಮ ಮನೆಗಲ್ಲ ಎಂದು ತೀರ್ಮಾನವಾಯಿತು.

ಉಳಿದದ್ದು ಸಾದಾ ದಾರಿ. ಒಬ್ಬರು ಕೂರುವ ಆಳವಾದ ತೊಟ್ಟಿ. ಮಾಳಿಗೆಯ ಮೇಲೆ ಸೋಲಾರ್ ನೀರು ಇತ್ತು, ಮಧ್ಯಾಹ್ನ ಎರಡರ ಹೊತ್ತಿಗೆ ಕೈ ಸುಡುವಷ್ಟು ಕಾಯುತ್ತಿತ್ತು. ಅದನ್ನು ಇಳಿಸಿ ತುಂಬುವುದು, ಕೂರುವುದು, ಎದ್ದ ಮೇಲೆ ಹರಿಯಬಿಡುವುದು. ಯಂತ್ರವಿಲ್ಲ, ಔಷಧಿಯಿಲ್ಲ. ಆದರೆ ಒಂದು ತೊಡಕು ಇತ್ತು. ಆ ಸೋಲಾರಿನಲ್ಲಿ ದಿನಕ್ಕೆ ಒಂದೇ ತೊಟ್ಟಿಯಷ್ಟು ಬಿಸಿನೀರು ಸಿಗುತ್ತಿತ್ತು. ನನಗೆ ಅದು ತೊಡಕು ಎಂದೇ ಅನ್ನಿಸಿರಲಿಲ್ಲ. ಬೆನ್ನು ಒಂದೇ ಇತ್ತಲ್ಲ.

ಒಂದು ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಈ ಮಾತು ಎತ್ತಿದೆ. ನನ್ನ ಗಂಡ ಅಡಿಕೆ ಬಾಯಿಗೆ ಹಾಕಿಕೊಂಡು, ಬಹಳ ಉದಾರಿಯಂತೆ ಹೇಳಿದರು:

"ಆತಲ್ಲ. ಮೊದಲ ನಾ ಕುಂದರ್ತೀನಿ. ನಂದೇನ್ ಭಾಳ ಹೊತ್ತಿಲ್ಲ, ಹದಿನೈದ ನಿಮಿಷ. ಆಮ್ಯಾಲೆ ನೀ ಎಷ್ಟ ಹೊತ್ತರೆ ಕುಂದ್ರು."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅವರಿಗೆ ಬೆನ್ನುನೋವಿಲ್ಲ, ಮಂಡಿನೋವಿಲ್ಲ, ಅರವತ್ತಾರರಲ್ಲೂ ವಿಶ್ವವಿದ್ಯಾಲಯದ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿ ಬರುವವರು. ಕೆಟ್ಟವರಲ್ಲ. ನನ್ನ ನೀರನ್ನು ಕಸಿದುಕೊಳ್ಳಬೇಕೆಂಬ ದುರಾಸೆ ಅವರಿಗಿರಲಿಲ್ಲ. ಬಿಸಿನೀರು ಎಂದ ಮೇಲೆ ಮೊದಲ ಪಾಳಿ ತಮ್ಮದು ಎಂಬುದು ಅವರಿಗೆ ಯೋಚಿಸುವ ವಿಷಯವೇ ಆಗಿರಲಿಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೇ.

ಅತ್ತೆಗೆ ಬೇರೆಯೇ ಚಿಂತೆ. ಒಬ್ಬರು ಕೂತ ನೀರಿನಲ್ಲಿ ಇನ್ನೊಬ್ಬರು ಕೂತರೆ ಮೈಲಿಗೆ ಆಗುವುದಿಲ್ಲವೇ? ಅವರು ಕಣ್ಣು ಮುಚ್ಚಿ ಯೋಚಿಸಿದರು. ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾದ ಹಾಗೆ ಗಂಡುಮಕ್ಕಳಿಬ್ಬರೂ ಕಾದರು. ಆಮೇಲೆ ತೀರ್ಪು ಬಂತು.

"ಗಂಡ ಉಂಡ ಎಲಿ ಹೆಂಡ್ತಿಗೆ ಎಂಜಲಲ್ಲ. ಹಂಗ, ಗಂಡ ಕುಂತ ನೀರು ಹೆಂಡ್ತಿಗೆ ಮೈಲಿಗಿ ಅಲ್ಲ. ಕುಂದ್ರಬಹುದು."

ನನ್ನ ಗಂಡನ ಮುಖ ಅರಳಿತು. ಅವರ ಮಟ್ಟಿಗೆ ಸಮಸ್ಯೆ ಬಗೆಹರಿದಿತ್ತು.

"ಮತ್ತ ಹೆಂಡ್ತಿ ಕುಂತ ನೀರು ಗಂಡಗ?" ಎಂದು ಕೇಳಿದೆ.

"ಅದು ಆಗೂದಿಲ್ಲ" ಎಂದರು ಅತ್ತೆ, ಮಗುವಿಗೆ ಪಾಠ ಹೇಳುವ ದನಿಯಲ್ಲಿ.

"ಹಂಗಾರ ನಂದು?" ಎಂದು ಮೈದುನ ನಡುವೆ ಬಾಯಿ ಹಾಕಿದ. ಅತ್ತಿಗೆ ಕೂತ ನೀರಿನಲ್ಲಿ ಅವನು ಕೂರುವಂತಿಲ್ಲ, ಆದ್ದರಿಂದ ಅವನದು ನನಗಿಂತ ಮೊದಲು ಆಗಬೇಕು. ಅಣ್ಣನ ಮುಂಚೆಯೋ ಅಣ್ಣನ ಆಮೇಲೆಯೋ ಎಂಬುದರ ಮೇಲೆ ಚರ್ಚೆ ನಡೆಯಿತು. ಇಬ್ಬರು ಗಂಡಸರು ಬೆವರು ಬಿಟ್ಟು ಎದ್ದ ಮೇಲೆ, ಉಗುರುಬೆಚ್ಚಗಾದ ನೀರಿನಲ್ಲಿ, ಡಾಕ್ಟರ ಚೀಟಿ ಹಿಡಿದುಕೊಂಡು ನಾನು ಇಳಿಯಬೇಕು. ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು ನನಗೆ.

"ಚೀಟಿ ಯಾರ ಹೆಸರಿಗಿ ಐತಿ?" ಎಂದು ಕೇಳಿದೆ. "ನನ್ನ ಬೆನ್ನಿಗೆ ಬರದ ಔಷಧ ನೀವಿಬ್ರೂ ಮೊದಲ ನೆಕ್ಕಿ ಆಮ್ಯಾಲೆ ಬಾಟ್ಲಿ ನಂಗ ಕೊಡ್ತೀರೇನು? ಮೂವತ್ತನಾಕ ವರ್ಷ ಈ ಮನ್ಯಾಗ ನೀರು ಕಾಯಿಸೀನಿ. ಎಲ್ಲಾರ ಜಳಕ ಆದ ಮ್ಯಾಲೆ ಹಂಡೇದ ತಳಾ ಕೆರಕೊಂಡು, ಎರಡ ತಂಬಿಗಿ ಸುರಕೊಂಡು ಬಸ್ಸಿಗೆ ಓಡೀನಿ. ಬ್ಯಾಡ. ನನಗ ಟಬ್ಬೂ ಬ್ಯಾಡ, ನಿಮ್ಮ ಎಲಿ ಶಾಸ್ತ್ರನೂ ಬ್ಯಾಡ."

ಎದ್ದು ಒಳಗೆ ಹೋದೆ. ಹೋಗಿ ಕಾದೆ. ಯಾರಾದರೂ ಬಂದು, ಹಾಗಲ್ಲ ಮಾರಾಯ್ತಿ, ತರೋಣ ಎನ್ನುತ್ತಾರೆಂದು. ಯಾರೂ ಬರಲಿಲ್ಲ. ಮರುದಿನ ಗಂಡ ಪೇಪರು ಓದಿದರು, ಮೈದುನ ಹೊಸ ವಿಡಿಯೊಗೆ ಹೋದ, ಅತ್ತೆ ಬತ್ತಿ ಹೊಸೆದರು. ನಾನು ಬೇಡ ಎಂದದ್ದಕ್ಕೆ ಎಲ್ಲರಿಗೂ ಒಂದು ತಲೆನೋವು ಹೋದಂತಾಗಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು ನನ್ನ ಸ್ಥಿತಿ. ಎರಡು ವಾರ ಹಾಗೇ ಕಳೆಯಿತು.

ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕೈಯಿಂದ ಸೌಟು ಜಾರಿತು. ಬಗ್ಗಿ ಎತ್ತಿಕೊಂಡೆ. ಏಳಲು ಆಗಲಿಲ್ಲ. ಕಟ್ಟೆಯ ಅಂಚು ಹಿಡಿದು ಅರ್ಧ ಬಗ್ಗಿದ ಹಾಗೇ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿದು ನನ್ನ ಬೆರಳಿನವರೆಗೆ ಬಂತು, ಕೈ ತೆಗೆಯಲೂ ಆಗಲಿಲ್ಲ. ಪಡಸಾಲೆಯಿಂದ ಗಂಡನ ದನಿ ಬಂತು: "ಚಹಾ ಆತೇನು?"

ಆಗಲಿಲ್ಲ ಎಂದೆ. ಅವತ್ತೇ ಊಟವಾದ ಮೇಲೆ ಯಾರಿಗೂ ಹೇಳದೆ ಆಟೋ ಹಿಡಿದು ನಾಚಾರಂಗೆ ಹೋದೆ.

ನಾಚಾರಂನ ಕಾರ್ಖಾನೆಗಳ ಓಣಿಯಲ್ಲಿ ಫೈಬರಿನ ನೀರಿನ ಟಾಂಕಿ, ಬಾಗಿಲು, ತೊಟ್ಟಿ ಮಾಡುವ ಶೆಡ್ಡುಗಳಿವೆ. ವ್ಯಾಯಾಮ ಕೇಂದ್ರದ ಹುಡುಗಿ ಹಿಂದೊಮ್ಮೆ ಅವುಗಳ ಬಗ್ಗೆ ಹೇಳಿದ್ದಳು. ಮೂರನೆಯ ಶೆಡ್ಡಿನಲ್ಲಿ ನನ್ನ ವಯಸ್ಸಿನ ಒಬ್ಬ ಯಜಮಾನರು, ಮೈತುಂಬ ಬಿಳಿ ಪುಡಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಅಂಚು ಉಜ್ಜುತ್ತಿದ್ದರು. ನನಗೆ ಬೇಕಾದದ್ದನ್ನು ಹೇಳಿದೆ. ಅವರು ಕರ್ಚೀಫು ಇಳಿಸಿ ಕೇಳಿದರು:

"ಎವರಿಕೋಸಂ ಅಮ್ಮಾ?"

ಯಾರಿಗೆ? ಒಂದೂವರೆ ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು.

"ನಾಕೇ" ಎಂದೆ. ನನಗೇ.

ಅವರು ಒಂದು ಹಲಗೆ ತರಿಸಿ, ಅದರ ಮೇಲೆ ಕಾಲು ಚಾಚಿ ಕೂರಲು ಹೇಳಿದರು. ಟೇಪು ಹಿಡಿದು ನೆಲದಿಂದ ಭುಜದ ಎತ್ತರ, ಸೊಂಟದ ಅಗಲ, ಕಾಲಿನ ಉದ್ದ ನೋಡಿ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದರು. ಎಲ್ಲಿ ನೋಯುತ್ತದೆ ಎಂದು ಕೇಳಿ, ಅಲ್ಲಿ ಆನಿಸಿಕೊಳ್ಳಲು ಒಂದು ಉಬ್ಬು ಕೊಡುತ್ತೇನೆ ಎಂದರು. ಹಿಡಿದುಕೊಂಡು ಏಳಲು ಎರಡೂ ಕಡೆ ಕಂಬಿ ಹಾಕುತ್ತೇನೆ ಎಂದರು. ಮುಂಗಡ ಕೊಟ್ಟು ಬಂದೆ. ಹತ್ತನೆಯ ದಿನ ಟೆಂಪೋದಲ್ಲಿ ತೊಟ್ಟಿ ಬಂದು ಬಾಗಿಲಲ್ಲಿ ಇಳಿಯಿತು. ದೀಪವಿಲ್ಲ, ಸಂಗೀತವಿಲ್ಲ, ಬಿಳಿಯ ಬಣ್ಣ.

"ಒಂದ ಮಾತು ಕೇಳಬಾರದಾ?" ಎಂದರು ಗಂಡ.

"ಕೇಳಿದ್ನಲ್ರೀ. ನೀವು ಪಾಳಿ ಹಂಚಾಕತ್ತಿದ್ರಿ" ಎಂದೆ.

ಕೆಲಸದವರು ಕೆಳಗಿನ ಬಚ್ಚಲಿನಲ್ಲಿ ಅದನ್ನು ಕೂರಿಸಿ, ನಳ ಜೋಡಿಸಿ ಹೋದ ಮರುದಿನ ಮಧ್ಯಾಹ್ನ, ಎರಡು ಗಂಟೆಗೆ, ನಾನು ತೊಟ್ಟಿ ತುಂಬಿಸಿದೆ. ಬಚ್ಚಲಿನ ಬಾಗಿಲ ಬಳಿ ಸದ್ದಾಯಿತು. ನೋಡಿದರೆ ಅತ್ತೆ ಸ್ಟೂಲು ಎಳೆದುಕೊಂಡು ಬಂದು ಹೊರಗೆ ಕೂರುತ್ತಿದ್ದಾರೆ. ಕಾವಲಿಗೆ ಕೂತರು ಎಂದುಕೊಂಡೆ. ಶಾಸ್ತ್ರ ಹೇಳಲಿ, ಇವತ್ತು ನಾನೂ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಜಗಳಕ್ಕೆ ಸಿದ್ಧಳಾಗಿ ಬಾಗಿಲು ಹಾಕಿಕೊಂಡೆ.

ನೀರಿಗೆ ಇಳಿದೆ. ಉಬ್ಬು ಸರಿಯಾಗಿ ನೋಯುವ ಜಾಗಕ್ಕೇ ಬಂತು. ಐದು ನಿಮಿಷಕ್ಕೆ ಸೊಂಟದ ಗಂಟು ಬಿಚ್ಚಿತು, ಹತ್ತಕ್ಕೆ ಭುಜ ಇಳಿಯಿತು. ಜಗಳದ ಮಾತುಗಳೂ ಒಂದೊಂದೇ ಮರೆತುಹೋದವು. ಹೊರಗಿನಿಂದ ಅತ್ತೆ ಕರೆದರು.

"ಆತೇನು?"

"ಇನ್ನಾ ಇಲ್ರಿ."

"ಸಾವಕಾಶ ಆಗ್ಲಿ. ಎದ್ದ ಮ್ಯಾಲೆ ನೀರು ಬಿಡಬ್ಯಾಡ."

"ಗಿಡಕ್ಕ ಬೇಕೇನ್ರಿ?"

"ಗಿಡಕ್ಕಲ್ಲ." ಆಮೇಲೆ, ಬಹಳ ಸಣ್ಣ ದನಿಯಲ್ಲಿ: "ನಂಗ."

ನಾನು ಎದ್ದು ಸೀರೆ ಸುತ್ತಿಕೊಂಡು ಬಾಗಿಲು ತೆಗೆದೆ. ಅವರು ನನ್ನ ಮುಖ ನೋಡಲಿಲ್ಲ, ತೊಟ್ಟಿಯ ಮೇಲಿನ ಆವಿ ನೋಡುತ್ತಿದ್ದರು.

"ಸೊಸಿ ಕುಂತ ನೀರ್ರೀ ಅದು. ನಿಮಗ ಮೈಲಿಗಿ ಆಗೂದಿಲ್ಲೇನು?" ಎಂದೆ. ಸ್ವಲ್ಪ ಚುಚ್ಚಬೇಕೆಂದೇ ಹೇಳಿದೆ, ಸುಳ್ಳು ಯಾಕೆ ಹೇಳಲಿ.

"ಆಗ್ತೈತಿ" ಎಂದರು. "ಆದ್ರ ಬಿಸಿ ಐತಲ್ಲ."

ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುವುದನ್ನು ಕಂಡಿದ್ದೆ. ಗೀಜರು ಬಂದರೂ, ಸೋಲಾರು ಬಂದರೂ ಬಿಟ್ಟಿರಲಿಲ್ಲ. ಅದು ಅವರ ವ್ರತ, ಅವರ ಹಟ, ನಮ್ಮೆಲ್ಲರಿಗಿಂತ ತಾವು ಮೇಲು ಎಂದು ತೋರಿಸುವ ರೀತಿ ಎಂದು ನಾನು ತಿಳಿದಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳದೆಯೇ ಹೇಳಿದರು.

"ಹದಿನೈದಕ್ಕ ಈ ಮನಿಗೆ ಬಂದೆ. ಒಲಿ ಮುಟ್ಟಬೇಕಂದ್ರ ಜಳಕ ಆಗಿರಬೇಕು. ನೀರು ಕಾಯಬೇಕಂದ್ರ ಒಲಿ ಮುಟ್ಟಬೇಕು. ಎಲ್ಲಾರಿಗೂ ಕಾಯಿಸಿ ಕೊಡಾಕಿ ನಾನ. ನಂಗ ಯಾವಾಗ ಬಿಸಿನೀರು ಬರಬೇಕು, ಹೇಳು? ಆಮ್ಯಾಲೆ ಅದ ರೂಢಿ ಆತು. ಬೇಕು ಅಂತ ಯಾರ ಮುಂದ ಹೇಳೂದು?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸುಳ್ಳು. ಈ ಮುದುಕಿಗೆ ಯಾವ ಕಾಲವೂ ಬಂದಿರಲಿಲ್ಲ. ಅರವತ್ತೊಂಬತ್ತು ವರ್ಷ ತಣ್ಣೀರು ಸುರಿದುಕೊಂಡು, ಗಂಡ ಕೂತ ನೀರು ಹೆಂಡತಿಗೆ ನಡೆಯುತ್ತದೆ ಎಂದು ನನಗೆ ತೀರ್ಪು ಕೊಟ್ಟಾಗ, ಅವರು ನನ್ನನ್ನು ಕೆಳಗೆ ತಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಅದು ತಮಗೆ ಸಿಗದಿದ್ದ ಬಿಸಿನೀರನ್ನು ನನಗೆ ಕೊಡಿಸುವ ದಾರಿಯಾಗಿತ್ತೋ ಏನೋ. ನನಗೆ ಮೈಯೆಲ್ಲ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಸತ್ತುಹೋದ ಮಾವನ ಮೇಲೆ, ಬದುಕಿರುವ ಗಂಡನ ಮೇಲೆ, ಅದಕ್ಕೂ ಹೆಚ್ಚಾಗಿ ನನ್ನ ಮೇಲೆ. ನನಗೂ ಮೂವತ್ತನಾಲ್ಕು ವರ್ಷ ಬೇಕಾಗಿತ್ತು, ನನ್ನ ಬೆನ್ನು ಬಿಟ್ಟು ಇನ್ನೊಂದು ಬೆನ್ನೂ ಈ ಮನೆಯಲ್ಲಿದೆ ಎಂದು ತಿಳಿಯಲು.

ತಣ್ಣಗಾಗಿರಬಹುದೆಂದು ಸೋಲಾರಿನಲ್ಲಿ ಉಳಿದಿದ್ದ ಒಂದು ಬಕೆಟ್ಟಿನಷ್ಟು ಬಿಸಿನೀರನ್ನು ತೊಟ್ಟಿಗೆ ಬಿಟ್ಟೆ. ಅವರ ಎರಡೂ ಕೈ ಹಿಡಿದು ಇಳಿಸಿದೆ. ಸೀರೆ ಸಮೇತ ಇಳಿದರು. ಮೊದಲು ಬೆದರಿ ಕಂಬಿಗೆ ಜೋತುಬಿದ್ದರು. ಆಮೇಲೆ ಒಂದೊಂದೇ ಬೆರಳು ಬಿಟ್ಟರು. ನೀರು ಕುತ್ತಿಗೆಗೆ ಬಂತು. ನನ್ನ ಅಳತೆಗೆ ಮಾಡಿಸಿದ್ದು ಅವರಿಗೆ ಸ್ವಲ್ಪ ದೊಡ್ಡದೇ ಆಯಿತು. ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಅವರ ಕುತ್ತಿಗೆಯ ಹಿಂದೆ ತಂಬಿಗೆಯಿಂದ ನೀರು ಹಾಕುತ್ತ ಇದ್ದೆ.

ಬಾಗಿಲು ಬಡಿದ ಸದ್ದಾಯಿತು. ನನ್ನ ಗಂಡ.

"ಆತೇನು ನಿಂದು? ನಾನೂ ಒಮ್ಮಿ ಕುಂತು ನೋಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ, ಕಣ್ಣೂ ತೆರೆಯದೆ, ಮಗನಿಗೆ ಉತ್ತರ ಕೊಟ್ಟರು.

"ನಿಂದ್ರಪಾ. ನೀರು ಇನ್ನಾ ಬಿಸಿ ಐತಿ."

ಹೊರಗೆ ಅವರು ಸ್ಟೂಲು ಎಳೆದುಕೊಂಡು ಕೂತದ್ದು ಕೇಳಿಸಿತು.